ಮೊದಲು ಹೆಬ್ಬೆರಳು ಎಲ್ಲಿದೆ ನೋಡಿ

ಆನ್‌ಲೈನಿನಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಮಾರಾಟಕ್ಕೆ ಬಂದರೆ ನಾನು ಮೊದಲು ನೋಡುವುದು ವಿಕ್ಟೋರಿಯಾ ರಾಣಿಯ ಮುಖವನ್ನಲ್ಲ, ಮಾರುವವರ ಹೆಬ್ಬೆರಳನ್ನು. ನಾಣ್ಯವನ್ನು ಬೆರಳಲ್ಲಿ ಹಿಡಿದು ಫೋಟೋ ತೆಗೆಯುವುದು ಮಾಮೂಲಿ. ಆದರೆ ಬೆರಳು ಸರಿಯಾಗಿ ಕಿರೀಟದ ಮೇಲಿನ ಅಂಚಿನಲ್ಲೇ ಕೂತಿದ್ದು, ಹಾಕಿದ ಫೋಟೋಗಳಲ್ಲೆಲ್ಲ ಅದೇ ಜಾಗ ಮುಚ್ಚಿದ್ದರೆ ಅಲ್ಲಿ ಒಮ್ಮೆ ಕುಣಿಕೆ ಇತ್ತು ಅಂತಲೇ ನನ್ನ ಲೆಕ್ಕ.

ನಮ್ಮ ಕಾರವಾರದ ಕಡೆ ಹಳೇ ಮನೆಗಳ ರೂಪಾಯಿಗಳು ಎಷ್ಟೋ ಸರಕ್ಕೆ ಹೋಗಿವೆ. ಅಕ್ಕಸಾಲಿ ಶೇಟ್ರ ಹತ್ತಿರ ಕುಣಿಕೆ ಬೆಸೆಸಿ ಹಾಕಿಕೊಳ್ಳುತ್ತಿದ್ದರು. ಸರ ಮುರಿಸಿದ ಮೇಲೆ ಕುಣಿಕೆ ಕಿತ್ತು, ಅರ ಹಾಕಿ ಉಜ್ಜಿ, ಈಗ ‘ಒಳ್ಳೇ ಕಂಡೀಷನ್’ ಅಂತ ಮಾರುತ್ತಾರೆ. ಫೋಟೋ ದೊಡ್ಡದು ಮಾಡಿ ನೋಡಿ. ಅಂಚಿನ ಸುತ್ತ ಇರುವ ಸಣ್ಣ ಮಣಿಗಳು ಅಲ್ಲಿ ಮಾತ್ರ ಒಂದಕ್ಕೊಂದು ಕರಗಿ ಅಂಟಿರುತ್ತವೆ. ಬಣ್ಣವೂ ಚೂರು ಬೇರೆ, ಹಳದಿಯೋ ಬೂದಿಯೋ. ಇಂಥ ನಾಣ್ಯಕ್ಕೆ ನಾನು ಬೆಳ್ಳಿಯ ದರ ಮಾತ್ರ ಹೇಳುತ್ತೇನೆ. ವಿಕ್ಟೋರಿಯಾ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 10.7 ಗ್ರಾಂ. ಆ ದರಕ್ಕೆ ಒಪ್ಪಿ ಕೊಟ್ಟವರೂ ಇದ್ದಾರೆ, ಬೈದು ಫೋನ್ ಇಟ್ಟವರೂ ಇದ್ದಾರೆ.

ಆಮೇಲೆ ಬಿಳುಪು. ನಮ್ಮ ಕರಾವಳಿಯ ಮಳೆ, ತೇವಕ್ಕೆ ಬೆಳ್ಳಿ ಕಪ್ಪಾಗದೆ ಇರುತ್ತದೆಯೇ? ‘ಅಜ್ಜನ ಪೆಟ್ಟಿಗೆಯಲ್ಲಿ ಮುಟ್ಟದೆ ಇಟ್ಟಿದ್ದು’ ಅನ್ನುವ 1880ರ ರೂಪಾಯಿ ಟ್ಯೂಬ್‌ಲೈಟಿನಂತೆ ಹೊಳೆಯುತ್ತಿದ್ದರೆ ನನಗೆ ಅನುಮಾನ. ಅಕ್ಷರಗಳ ಸಂದಿಯಲ್ಲಿ ಕೆಂಪು ಕಂಡರೆ ಅದು ಕುಂಕುಮ. ದೀಪಾವಳಿಯ ಲಕ್ಷ್ಮೀಪೂಜೆಗೆ ಇಟ್ಟು, ಪ್ರತಿ ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿದ ನಾಣ್ಯ ಅದು. ಪೂಜೆಗೆ ಇಟ್ಟಿದ್ದು ತಪ್ಪಲ್ಲ, ಆದರೆ ಮುಟ್ಟೇ ಇಲ್ಲ ಅನ್ನುವುದು ಸುಳ್ಳು ಅಲ್ವಾ?

ತಿಕ್ಕಿದ ಗೀರುಗಳನ್ನು ಅಡಗಿಸುವುದು ಸುಲಭ. ಎದುರಿಂದ ಫ್ಲ್ಯಾಶ್ ಹೊಡೆದರೆ ಸಾಕು, ಎಲ್ಲ ಬೆಳ್ಳಗಾಗಿ ಗೀರು ಮಾಯ. ಓರೆ ಬೆಳಕಿನಲ್ಲಿ ಮಾತ್ರ ಅವು ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ಅದಕ್ಕೇ ಒಂದು ಮೆಸೇಜ್ ಬರೆದಿಟ್ಟುಕೊಂಡಿದ್ದೇನೆ: “ಅಣ್ಣಾ, ಫ್ಲ್ಯಾಶ್ ಬೇಡ. ಕಿಟಕಿ ಹತ್ತಿರ ಹಿಡಿದು ನಿಧಾನಕ್ಕೆ ವಾಲಿಸಿ ಒಂದು ವಿಡಿಯೋ ಹಾಕ್ತೀರಾ?” ಟಂಕಸಾಲೆಯ ಮೂಲ ಹೊಳಪು ಉಳಿದಿದ್ದರೆ ನಾಣ್ಯ ವಾಲಿದಂತೆ ಬೆಳಕಿನ ಪಟ್ಟಿ ಅದರ ಮೇಲೆ ಸುತ್ತುತ್ತದೆ. ಪಾಲಿಶ್ ಹೊಡೆದಿದ್ದರೆ ಸುಮ್ನೆ ಒಂದೇ ಸಲ ಪಳಕ್ ಅನ್ನುತ್ತದೆ. ನಾಣ್ಯದ ಬಗ್ಗೆ ಗೊತ್ತಿರುವವರು ಖುಷಿಯಿಂದ ಕಳಿಸುತ್ತಾರೆ. ಉಳಿದವರ ಉತ್ತರ ಒಂದೇ: “ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ, ಬೇಕಾದ್ರೆ ತಗೊಳ್ಳಿ.” ನಾಲ್ಕು ಜನಕ್ಕೇ ಕೊಡಲಿ ಬಿಡಿ.

ಜಾಸ್ತಿ ಹುಷಾರಾಗಿರಬೇಕಾದದ್ದು ಆರನೇ ಜಾರ್ಜ್‌ನ 1939ರ ರೂಪಾಯಿಯಲ್ಲಿ. ಅದು ಅಪರೂಪ, ಬೆಲೆಯೂ ಹಾಗೇ ಇದೆ. 1938ರದ್ದು ಅಷ್ಟು ಅಪರೂಪವಲ್ಲ. ಹಾಗಾಗಿ 8 ಅನ್ನು ಕೆತ್ತಿ 9 ಮಾಡುವ ಕೈಗಳಿವೆ. ನನಗೆ ಬಂದ ಒಂದು ಫೋಟೋದಲ್ಲಿ ರಾಜನ ಮುಖದ ಕೂದಲು ಕೂದಲೂ ಸ್ಪಷ್ಟ, ಇಸವಿ ಇರುವ ಬದಿ ಮಾತ್ರ ಮಸುಕು. ಇಸವಿಯನ್ನಷ್ಟೇ ಹತ್ತಿರದಿಂದ ತೆಗೆದು ಕಳಿಸಿ ಎಂದೆ. ಬಂತು. ಈ ನಾಣ್ಯದಲ್ಲೇ ಎರಡು 9 ಇವೆ, ಬೇರೆ ನಾಣ್ಯದ ಜೊತೆ ಹೋಲಿಸುವ ಕೆಲಸವೂ ಇಲ್ಲ. ಮೊದಲ 9ರ ಬಾಲ ಸರಾಗವಾಗಿ ಬಾಗಿತ್ತು. ಕೊನೆಯದರ ಬಾಲ ದಪ್ಪ, ತುದಿ ಕತ್ತರಿಸಿದ ಹಾಗೆ. ಅದರ ಎಡಕ್ಕೆ ನಾಣ್ಯದ ಮೈ ಸ್ವಲ್ಪ ತಗ್ಗಾಗಿ ನುಣ್ಣಗಿತ್ತು, ಉಳಿದ ಕಡೆ ಇದ್ದ ಸವೆತ ಅಲ್ಲಿರಲಿಲ್ಲ. ವ್ಯಾಪಾರ ಅಲ್ಲಿಗೇ ಮುಗಿಯಿತು.

ಎರಕದ ನಕಲಿಗೆ ಇಷ್ಟು ಕಷ್ಟಪಡಬೇಕಿಲ್ಲ. ಮೈತುಂಬ ಸೂಜಿಮೊನೆಯಂಥ ತೂತು, ಅಕ್ಷರದ ಅಂಚು ಮೊಂಡು. ಈಗಿನ ಹತ್ತು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿಟ್ಟು, ನೇರ ಮೇಲಿಂದ ಫೋಟೋ ಕೇಳುತ್ತೇನೆ. ಅದು 27 ಮಿಲಿಮೀಟರ್ ಅಗಲ, ಬ್ರಿಟಿಷ್ ರೂಪಾಯಿ 30.5ರ ಆಸುಪಾಸು. ಅಳತೆ ಅಲ್ಲೇ ಸಿಗುತ್ತದೆ. ತೂಕದ ಯಂತ್ರದ ಮೇಲಿಟ್ಟ ಫೋಟೋ ಸಿಕ್ಕರೆ ಇನ್ನೂ ಒಳ್ಳೇದು. ಗೋವಾ ಪಕ್ಕದಲ್ಲೇ ಇರುವುದರಿಂದ ನಮ್ಮಲ್ಲಿ ಪೋರ್ಚುಗೀಸರ 1881–82ರ ‘ಉಮಾ ರುಪಿಯಾ’ (ಅಂದರೆ ಒಂದು ರೂಪಾಯಿ) ಕೂಡ ಓಡಾಡುತ್ತದೆ. ಅದರ ತೂಕವೂ ಬ್ರಿಟಿಷ್ ರೂಪಾಯಿಯಷ್ಟೇ, ಹಾಗಾಗಿ ಅದೇ ಪರೀಕ್ಷೆ ನಡೆಯುತ್ತದೆ.

1818ರ ರಾಮ, ಹನುಮಂತನ ‘ಈಸ್ಟ್ ಇಂಡಿಯಾ ಕಂಪನಿ’ ತಾಮ್ರದ ನಾಣ್ಯದ ಫೋಟೋ ಕಳಿಸಿ ಲಕ್ಷ ಕೇಳುವವರಿಗೆ ನಾನು ಉತ್ತರಿಸುವುದಿಲ್ಲ. ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ.

ಫೋಟೋ ತುಂಬಾ ಚೆನ್ನಾಗಿದ್ದರೆ ಗೂಗಲ್ ಲೆನ್ಸ್‌ಗೆ ಹಾಕುತ್ತೇನೆ. ಅದೇ ಮೂಗು, ಮೂಗಿನ ಪಕ್ಕ ಅದೇ ಗೀರು, ಇನ್ನೊಂದು ಊರಿನ ಮಾರಾಟಗಾರನ ಹತ್ತಿರ ಸಿಕ್ಕಿದ್ದುಂಟು. ಅನುಮಾನ ಬಂದರೆ ಚೀಟಿಯಲ್ಲಿ ಇವತ್ತಿನ ತಾರೀಕು ಬರೆದು ನಾಣ್ಯದ ಪಕ್ಕ ಇಟ್ಟು ತೆಗೆಯಲು ಹೇಳುತ್ತೇನೆ. ಒಪ್ಪಿದ ಫೋಟೋಗಳನ್ನು ಫೋನಿನಲ್ಲಿ ಉಳಿಸಿಕೊಂಡಿರುತ್ತೇನೆ. ಪಾರ್ಸೆಲ್ ಬಂದಾಗ ವಿಡಿಯೋ ಮಾಡುತ್ತಲೇ ಬಿಚ್ಚಿ, ಗೀರಿಗೆ ಗೀರು ತಾಳೆ ನೋಡಿ, ಆಮೇಲೆ ತೂಕಕ್ಕಿಡುತ್ತೇನೆ.