ಟೋಕಿಯೊಗೆ ಹೊಸದಾಗಿ ಬಂದವರಿಗೆ: ಕಡಿಮೆ ಖರ್ಚಿನಲ್ಲಿ ತೋಫು ಅಡುಗೆ

ಹೊಸದಾಗಿ ಬಂದ ನಮ್ಮ ಕನ್ನಡದವರ ಮನೆಗಳಲ್ಲಿ ಮೊದಲ ಕೆಲವು ತಿಂಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಊರಿಂದ ತಂದ ತೊಗರಿಬೇಳೆ ಇರುವ ತನಕ ಸಾರು, ಹುಳಿ. ಅದು ಮುಗಿದ ಮೇಲೆ ನಿಶಿ ಕಸಾಯಿಯ ಇಂಡಿಯನ್ ಅಂಗಡಿಗೆ ಓಡಾಟ, ವಾರವಾರ ಪನೀರ್. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಎದೆ ಧಸಕ್ ಅನ್ನುತ್ತದೆ. ಮನೆ ಪಕ್ಕದ ಸೂಪರ್‌ಮಾರ್ಕೆಟ್ಟಿನಲ್ಲಿ ಮಾತ್ರ ಸೋಯಾ ಹಾಲಿಗೆ ಹೆಪ್ಪು ಹಾಕಿ ಮಾಡಿದ ತೋಫು 300–400 ಗ್ರಾಂಗೆ 100 ಯೆನ್ ಆಸುಪಾಸಿನಲ್ಲಿ ಬಿದ್ದಿರುತ್ತದೆ.

"ಅದಕ್ಕೆ ರುಚಿಯೇ ಇಲ್ಲ" ಎಂದು ಒಂದು ಸಲ ತಿಂದು ಕೈಬಿಟ್ಟವರೇ ಜಾಸ್ತಿ. ಬೆಂದ ಬೇಳೆಯನ್ನು ಉಪ್ಪು, ಹುಣಸೆ, ಒಗ್ಗರಣೆ ಇಲ್ಲದೆ ಬಾಯಿಗೆ ಹಾಕಿಕೊಂಡು ನೋಡಿ. ಅದಕ್ಕೂ ರುಚಿ ಇರುವುದಿಲ್ಲ ಅಲ್ವಾ? ತೋಫುವನ್ನು ಜಪಾನಿನ ಅಂಗಡಿಯಲ್ಲಿ ಕೊಳ್ಳಿ, ನಮ್ಮ ಅಡುಗೆಗೆ ಹಾಕಿ. ನಾವು ಹೇಳುವುದು ಇಷ್ಟೇ.

ಯಾವುದು ಕೊಳ್ಳಬೇಕು

ತೋಫು ಇಟ್ಟ ಫ್ರಿಜ್ ಮುಂದೆ ನಿಂತರೆ ತಲೆ ತಿರುಗುತ್ತದೆ. ಒಂದೇ ಬಿಳಿ ಬಣ್ಣ, ಹತ್ತಾರು ಪೊಟ್ಟಣ. ಮೊದಲು ಎರಡು ಹೆಸರು ಸಾಕು: ಮೊಮೆನ್, ಕಿನು. ಮೊಮೆನ್ ಅನ್ನು ಒತ್ತಿ ನೀರು ಇಳಿಸಿರುತ್ತಾರೆ. ಗಟ್ಟಿ ಇರುತ್ತದೆ. ಪಲ್ಯಕ್ಕೆ, ಹುರಿಯುವುದಕ್ಕೆ ಇದೇ. ಕಿನು ಮೆತ್ತಗೆ, ಮುಟ್ಟಿದರೆ ಒಡೆಯುತ್ತದೆ. ಅದನ್ನು ಸಾರಿಗೆ, ರುಬ್ಬುವುದಕ್ಕೆ ಇಟ್ಟುಕೊಳ್ಳಿ. ಪ್ರೋಟೀನ್ ಕೂಡ ಮೊಮೆನ್‌ನಲ್ಲಿ ಸ್ವಲ್ಪ ಹೆಚ್ಚು. 100 ಗ್ರಾಂಗೆ ಸುಮಾರು 7 ಗ್ರಾಂ. ಕಿನುವಿನಲ್ಲಿ 5ರ ಹತ್ತಿರ.

ಕೈ ಕುದುರಿದ ಮೇಲೆ ಇವನ್ನೂ ನೋಡಿ:

- ಅತ್ಸುಆಗೆ: ದಪ್ಪಗೆ ಕರಿದ ತೋಫು. ನೀರು ತೆಗೆಯುವ ಕೆಲಸವೇ ಇಲ್ಲ. ಕೆಲಸದಿಂದ ತಡವಾಗಿ ಬಂದ ದಿನಕ್ಕೆ.
- ಅಬುರಾಆಗೆ: ತೆಳುವಾಗಿ ಕರಿದದ್ದು. ಬಿಸಿನೀರು ಸುರಿದು ಮೇಲಿನ ಎಣ್ಣೆ ತೆಗೆದು, ಹೆಚ್ಚಿ ಹುಳಿಗೆ ಹಾಕಿ.
- ಕೋಯಾದೋಫು: ಒಣಗಿದ ಬಿಲ್ಲೆ. ತಿಂಗಳುಗಟ್ಟಲೆ ಇರುತ್ತದೆ. ಕೋಯಾ ಬೆಟ್ಟದ ಬೌದ್ಧ ಮಠಗಳ ಅಡುಗೆಯ ಹೆಸರು ಹೊತ್ತದ್ದು. ನೆನೆಸಿ, ಹಿಂಡಿ, ಹುಣಸೆ ಗೊಜ್ಜಿಗೆ ಹಾಕಿದರೆ ಗೊಜ್ಜನ್ನೆಲ್ಲ ಕುಡಿದುಬಿಡುತ್ತದೆ.
- ಒಕಾರಾ: ಸೋಯಾ ಹಾಲು ಹಿಂಡಿದ ಮೇಲೆ ಉಳಿಯುವ ಹಿಟ್ಟು. ತೀರಾ ಅಗ್ಗ.

ಮೀನಿನ ವಿಷಯ: ಸಸ್ಯಾಹಾರಿಗಳು ಇದನ್ನು ಪೂರ್ತಿ ಓದಲೇಬೇಕು

ತೋಫು ಅಂದರೆ ಸಸ್ಯಾಹಾರ ಎಂದು ನಂಬಿ ನಮ್ಮಲ್ಲಿ ಎಷ್ಟೋ ಜನ ನೊಂದಿದ್ದಾರೆ. ಮನೆಗೆ ಬಂದ ಅತ್ತೆ ಮಾವನಿಗೆ ಪ್ರೀತಿಯಿಂದ ಹೋಟೆಲಿನಲ್ಲಿ ಅಗೆದಾಶಿ ತೋಫು ತಿನ್ನಿಸಿ, ಅದರ ಕೆಳಗಿನ ಸಾರು ಮೀನಿನದು ಎಂದು ಆಮೇಲೆ ತಿಳಿದವರೂ ಇದ್ದಾರೆ. ಆ ಸಂಕಟ ನಿಮಗೆ ಬೇಡ.

ಬಿಳಿ ತೋಫುವಿನಲ್ಲಿ ತೊಂದರೆ ಇಲ್ಲ. ಸೋಯಾ, ನೀರು, ಹೆಪ್ಪು ಹಾಕುವ ನಿಗಾರಿ, ಅಷ್ಟೇ. ತೊಂದರೆ ಇರುವುದು ದಾಶಿಯಲ್ಲಿ. ದಾಶಿ ಅಂದರೆ ಜಪಾನಿನ ಅಡುಗೆಯ ತಳದ ರಸ. ಅದನ್ನು ಹೆಚ್ಚಾಗಿ ಒಣಗಿಸಿದ ಕಾತ್ಸುವೊ ಮೀನಿನಿಂದ ತೆಗೆಯುತ್ತಾರೆ. ಕೊಂಬು ದಾಶಿ ಮಾತ್ರ ಕಡಲಪಾಚಿಯದು. ಆದರೆ ಅದರ ಜೊತೆ ಕಾತ್ಸುವೊ ಬೆರೆಸಿದ ಪೊಟ್ಟಣಗಳೂ ಇವೆ.

ಪೊಟ್ಟಣದ ಹಿಂದಿನ ಅಲರ್ಜಿ ಪಟ್ಟಿ ನೋಡಿ ನೆಮ್ಮದಿಯಾಗಬೇಡಿ. ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಇಂಥವನ್ನು ಅಲ್ಲಿ ಬರೆಯಲೇಬೇಕು. ಕಾತ್ಸುವೊ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ಹಾಗಾಗಿ ಒಳಗೆ ಏನೇನಿದೆ ಎಂಬ ಪೂರ್ತಿ ವಿವರವನ್ನೇ ಫೋನಿನ ಕ್ಯಾಮೆರಾ ಅನುವಾದದಲ್ಲಿ ಓದಿ. ಸೋಮಾರಿತನ ಬೇಡ.

ಹೆಸರಲ್ಲಿ ತೋಫು ಇದ್ದರೂ ಹುಷಾರಾಗಿರಬೇಕಾದವು:

- ತಮಾಗೊ ದೋಫು: ಮೊಟ್ಟೆ ಮತ್ತು ದಾಶಿ. ಇದು ಸೋಯಾ ತೋಫುವೇ ಅಲ್ಲ.
- ಅನ್ನಿನ್ ದೋಫು: ಸಿಹಿತಿಂಡಿ. ಎಷ್ಟೋ ಕಡೆ ಜೆಲಾಟಿನ್ ಇರುತ್ತದೆ.
- ಗನ್‌ಮೊದೊಕಿ: ತರಕಾರಿ ಬೆರೆಸಿ ಕರಿದದ್ದು. ಕೆಲವದರಲ್ಲಿ ಮೊಟ್ಟೆ.
- ಇನಾರಿ ಸುಶಿಗೆಂದು (ಒಳಗೆ ಅನ್ನ ತುಂಬುವ ತಿಂಡಿ) ಸಿಹಿ ರಸದಲ್ಲಿ ನೆನೆಸಿಟ್ಟ ಅಬುರಾಆಗೆ: ಬಹುಪಾಲು ದಾಶಿ ಇರುತ್ತದೆ.
- ತೋಫು ಜೊತೆ ಕೊಡುವ ಚಿಕ್ಕ ಸಾಸ್ ಪೊಟ್ಟಣ: ತೋಫು ತಿನ್ನಿ, ಸಾಸ್ ಓದಿ ನೋಡಿ.
- ಮಾಪೋ ತೋಫು (ಚೀನೀ ಖಾರದ ತೋಫು ಅಡುಗೆ) ಮಸಾಲೆ: ಹೆಚ್ಚಾಗಿ ಮಾಂಸ ಇರುತ್ತದೆ.

ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಕೊಳ್ಳುವಾಗ "ದಾಶಿ ಇರಿ", ಅಂದರೆ ದಾಶಿ ಸೇರಿದ್ದು, ಎಂದಿದ್ದರೆ ಬಿಡಿ. "ದಾಶಿ ಶೋಯು", "ಮೆಂತ್ಸುಯು" (ನೂಡಲ್ಸ್‌ನ ರಸ) ಕೂಡ ಹಾಗೆಯೇ. ಬರೀ ಶೋಯು, ಅಂದರೆ ಸೋಯಾ ಸಾಸ್, ಸರಿ.

ಹೋಟೆಲಿನಲ್ಲಿ "ನಿಕು ನಾಶಿ" ಅಂದರೆ ಸಾಲದು. ಮಾಂಸ ಬೇಡ ಅಂದಷ್ಟೇ ಆಯಿತು, ಮೀನಿನ ರಸ ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ಹೇಳಿ: "ನಿಕು ಮೊ, ಸಕಾನ ಮೊ, ಕಾತ್ಸುವೊ ದಾಶಿ ಮೊ ತಾಬೆರಾರೆಮಾಸೆನ್." ಮಾಂಸ, ಮೀನು, ಕಾತ್ಸುವೊ ದಾಶಿ ಯಾವುದನ್ನೂ ತಿನ್ನಲಾರೆ ಎಂದರ್ಥ. ಇದನ್ನು ಬಾಯಿಪಾಠ ಮಾಡಿ. ಮಕ್ಕಳಿಗೂ ಕಲಿಸಿ.

ನೀರು ತೆಗೆಯದೆ ಒಲೆಗೆ ಹಾಕಬೇಡಿ

ತೋಫು ಪಲ್ಯ ಗಂಜಿಯಾಯಿತು ಎಂದು ನಮ್ಮ ಗುಂಪಿನಲ್ಲಿ ಬರುವ ದೂರುಗಳೆಲ್ಲ ಇದರಿಂದಲೇ. ಮೊಮೆನ್ ತುಂಡನ್ನು ಕಿಚನ್ ಪೇಪರಿನಲ್ಲಿ ಸುತ್ತಿ, 600 ವಾಟ್ ಮೈಕ್ರೋವೇವ್‌ನಲ್ಲಿ 2–3 ನಿಮಿಷ ಇಡಿ. ಅಥವಾ ಮೇಲೆ ತಟ್ಟೆ, ಅದರ ಮೇಲೆ ಭಾರ ಇಟ್ಟು ಅರ್ಧ ಗಂಟೆ ಬಿಡಿ. ಆಮೇಲೆ ಉಪ್ಪು, ಅರಿಶಿನ, ಖಾರದಪುಡಿ ಸವರಿ ಹತ್ತು ನಿಮಿಷ ಇಟ್ಟು ಹುರಿಯಿರಿ. ಒದ್ದೆ ತೋಫು ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಮಕ್ಕಳನ್ನು ದೂರ ಇಡಿ.

ಇನ್ನೊಂದು ದಾರಿ ಫ್ರೀಜರ್. ಒಂದು ರಾತ್ರಿ ಹೆಪ್ಪುಗಟ್ಟಿಸಿ, ಫ್ರಿಜ್‌ನಲ್ಲಿ ಕರಗಿಸಿ, ಅಂಗೈಯಲ್ಲಿ ಒತ್ತಿ ಹಿಂಡಿ. ಹೆಪ್ಪುಗಟ್ಟಿದಾಗ ಹಳದಿಯಾಗುತ್ತದೆ, ಕೆಟ್ಟಿದೆ ಎಂದು ಎಸೆಯಬೇಡಿ. ಒಳಗೆಲ್ಲ ಸಣ್ಣ ತೂತು ಬಿದ್ದಿರುತ್ತವೆ, ಮಸಾಲೆ ಅಲ್ಲಿಗೆಲ್ಲ ಇಳಿಯುತ್ತದೆ. ಸಾಗುವಿಗೆ ನಮಗೆ ಇದೇ ಇಷ್ಟ. ಮಾಂಸ ತಿನ್ನುವ ಮನೆಯವರು ಕೂಡ ಗಸಗಸೆ ಕಾಯಿ ಮಸಾಲೆಗೆ ಇದನ್ನೇ ಹಾಕುತ್ತಾರೆ.

ನಮ್ಮ ಅಡುಗೆಗೆ

ದಿನನಿತ್ಯಕ್ಕೆ ತೋಫು ಪುಡಿ ಪಲ್ಯ. ಮೊಮೆನ್ ಅನ್ನು ಕೈಯಲ್ಲಿ ಪುಡಿ ಮಾಡಿ, ಎಣ್ಣೆ ಇಲ್ಲದ ಬಾಣಲೆಯಲ್ಲಿ ನೀರು ಆರುವ ತನಕ ಕೆದಕಿ, ತೆಗೆದಿಡಿ. ಸಾಸಿವೆ, ಉದ್ದಿನಬೇಳೆ, ಇಂಗು, ಹಸಿಮೆಣಸು, ಈರುಳ್ಳಿ ಒಗ್ಗರಣೆ. ಅರಿಶಿನ, ಉಪ್ಪು, ಪುಡಿ ಮಾಡಿದ ತೋಫು, ಕೊನೆಗೆ ನಿಂಬೆರಸ. ಚಪಾತಿಗೆ, ಮಕ್ಕಳ ಡಬ್ಬಿಗೆ, ಎಲ್ಲಕ್ಕೂ ಆಗುತ್ತದೆ. ಇದೇ ಪುಡಿಯನ್ನು ಚಿತ್ರಾನ್ನಕ್ಕೂ ಬೆರೆಸಿ.

ಕಿನುವನ್ನು ತಿಳಿಸಾರು ಇಳಿಸುವ ಎರಡು ನಿಮಿಷ ಮೊದಲು ಹಾಕಿ. ಆಮೇಲೆ ಸೌಟು ಆಡಿಸಬೇಡಿ. ಚಟ್ನಿಗೆ ಕಾಯಿ ಕಡಿಮೆ ಮಾಡಿ ಸ್ವಲ್ಪ ಕಿನು ಸೇರಿಸಿ ರುಬ್ಬಬಹುದು. ಅದನ್ನು ಅವತ್ತೇ ಮುಗಿಸಿ.

ಒಕಾರಾ ಅಕ್ಕಿರೊಟ್ಟಿ ನಮ್ಮ ಕನ್ನಡ ಬಳಗದ ಹೆಮ್ಮೆ. ರಾಜ್ಯೋತ್ಸವದ ಊಟದಲ್ಲಿ ಇದು ಮೊದಲು ಖಾಲಿಯಾಗುತ್ತದೆ. ಎರಡು ಕಪ್ ಅಕ್ಕಿಹಿಟ್ಟಿಗೆ ಒಂದು ಕಪ್ ಒಕಾರಾ, ತುರಿದ ಕ್ಯಾರೆಟ್, ಹೆಚ್ಚಿದ ನೆಗಿ (ಇಲ್ಲಿನ ಉದ್ದ ಈರುಳ್ಳಿ ಸೊಪ್ಪು), ಜೀರಿಗೆ, ಹಸಿಮೆಣಸು, ಉಪ್ಪು. ಬಿಸಿನೀರಲ್ಲಿ ಕಲಸಿ ತಟ್ಟಿ. ಅಕ್ಕಿಹಿಟ್ಟನ್ನು ಇಲ್ಲಿ ಜೋಶಿಂಕೊ ಎನ್ನುತ್ತಾರೆ. ಅಂಟು ಅಕ್ಕಿಯ ಮೊಚಿಕೊ, ಶಿರಾತಮಾಕೊ ತಂದರೆ ಹಿಟ್ಟು ಅಂಟಾಗಿ ಕಾವಲಿ ಬಿಡುವುದಿಲ್ಲ. ಒಕಾರಾ ಬೇಗ ಹಳಸುತ್ತದೆ. ಉಳಿದರೆ ಫ್ರೀಜರಿಗೆ ಹಾಕಿ.

ಒಂದು ಮಾತು ತಾಯಂದಿರಿಗೆ. ನಿಗಾರಿ ಹಾಕಿದ ತೋಫುವಿನಲ್ಲಿ ಪನೀರ್‌ನಷ್ಟು ಕ್ಯಾಲ್ಸಿಯಂ ಇರುವುದಿಲ್ಲ. ಮಕ್ಕಳಿಗೆ ಹಾಲು, ಮೊಸರು ನಿಲ್ಲಿಸಬೇಡಿ.

ಬೆಲೆ

- ಅಂಗಡಿಯ ಸ್ವಂತ ಬ್ರ್ಯಾಂಡ್ ತೋಫು ಕೊಳ್ಳಿ. ಅಗ್ಗದ ಗ್ಯೋಮು ಸೂಪರ್ ಅಂಗಡಿ ಹತ್ತಿರವಿದ್ದರೆ ಇನ್ನೂ ಒಳ್ಳೆಯದು.
- ದೊಡ್ಡಕ್ಷರದ ಬೆಲೆ ಎಷ್ಟೋ ಸಲ ತೆರಿಗೆ ಸೇರದ್ದು. ಚಿಕ್ಕಕ್ಷರ ನೋಡಿ.
- ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ರಿಯಾಯಿತಿ ಚೀಟಿ ಅಂಟಿಸುತ್ತಾರೆ. "ಹಂಗಾಕು" ಅಂದರೆ ಅರ್ಧ ಬೆಲೆ. ಚೀಟಿ ಅಂಟಿಸುವವರ ಹಿಂದೆ ಹಿಂದೆ ಸುತ್ತಬೇಡಿ, ದಯವಿಟ್ಟು. ನಮ್ಮ ಊರಿನ ಮರ್ಯಾದೆ ನಮ್ಮ ಕೈಯಲ್ಲಿದೆ.

ಇಡುವುದು, ಎಸೆಯುವುದು

- ತಾರೀಖು ವರ್ಷ, ತಿಂಗಳು, ದಿನದ ಕ್ರಮದಲ್ಲಿರುತ್ತದೆ. "ಶೋಹಿ ಕಿಗೆನ್", ಅಂದರೆ ತಿನ್ನಲು ಕೊನೆಯ ದಿನ, ದಾಟಿದ್ದನ್ನು ತಿನ್ನಬೇಡಿ.
- ತೆರೆದ ತೋಫುವನ್ನು ನೀರಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ. ದಿನಾ ನೀರು ಬದಲಿಸಿ, ಎರಡು ದಿನದಲ್ಲಿ ಮುಗಿಸಿ.
- ಖಾಲಿ ಡಬ್ಬಿ ತೊಳೆದು, ನಿಮ್ಮ ವಾರ್ಡಿನ ನಿಯಮದಂತೆ ಹಾಕಿ.
- ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ತಣಿಸಿ, ಹಳೆ ಪೇಪರಿಗೆ ಹೀರಿಸಿ, ಸುಡುವ ಕಸದ ಚೀಲಕ್ಕೆ ಹಾಕಿ.
- ಪೊಟ್ಟಣ ಓದಲಾಗದಿದ್ದರೆ ಹಿಂಬದಿಯ ಫೋಟೊ ತೆಗೆದು ಬಳಗದ ಗುಂಪಿಗೆ ಕಳಿಸಿ. ಮುಂಬದಿಯದಲ್ಲ, ಹಿಂಬದಿಯದು.