ಲೈನಿಂಗ್ ಪರದೆ ಹೊಲಿಯುವ ಬಗೆ: ನನ್ನ ಅನುಭವ

ಕಿಟಕಿಗೆ ಹಾಕುವ ಪರದೆ ಯಾವುದೇ ಇರಲಿ, ನಮ್ಮಲ್ಲಿ ಎಲ್ಲದಕ್ಕೂ ಕರ್ಟನ್ ಅಂತಲೇ ಹೆಸರು. ಬ್ರಿಟನ್ನಿನಲ್ಲೂ ಹೆಚ್ಚುಕಡಿಮೆ ಹಾಗೇ. ಲೈನಿಂಗ್ ಕೊಟ್ಟು, ನೆರಿಗೆ ಹಿಡಿದು, ನೆಲದವರೆಗೆ ಇಳಿಬಿಟ್ಟ ಭಾರದ ಪರದೆಗೆ ಡ್ರೇಪ್ಸ್ ಅನ್ನುವುದು ಅಮೆರಿಕದ ರೂಢಿ. ಡ್ರೇಪ್ ಅಂದರೆ ದುಬಾರಿ ಬಟ್ಟೆಯ ಕರ್ಟನ್ ಅಂದುಕೊಳ್ಳಬೇಡಿ, ದುಬಾರಿ ಬಟ್ಟೆ ತಂದ ಮಾತ್ರಕ್ಕೆ ಅದು ಡ್ರೇಪ್ ಆಗುವುದಿಲ್ಲ. ನಾನು ಎರಡನ್ನೂ ಹೊಲಿಯುತ್ತೇನೆ, ಕೆಲಸವೇ ಬೇರೆ.

ಕರ್ಟನ್ ಸುಲಭ. ನಾಲ್ಕು ಅಂಚು ಮಡಚಿ ಹೊಲಿದು, ಮೇಲೆ ಬಟ್ಟೆಯಲ್ಲೇ ರಾಡ್ ತೂರುವ ರಿಂಗ್ ಕೂರಿಸಿದರೆ ಮುಗಿಯಿತು. ರಿಂಗ್‌ಗಳ ಲೆಕ್ಕ ಸರಿಸಂಖ್ಯೆಯಲ್ಲಿರಲಿ. ಬೆಸವಾದರೆ ಒಂದು ಅಂಚು ಗೋಡೆ ಕಡೆಗೂ ಇನ್ನೊಂದು ಕೋಣೆ ಕಡೆಗೂ ತಿರುಗಿ ನಿಲ್ಲುತ್ತದೆ.

ಲೈನಿಂಗ್ ಪರದೆಗೆ ಲೆಕ್ಕ ಮೊದಲು, ಕತ್ತರಿ ಆಮೇಲೆ. ಮೂರು ಅಡಿ ಕಿಟಕಿಗೆ ಆಚೀಚೆ ಆರಾರು ಇಂಚು ಸೇರಿಸಿ 48 ಇಂಚಿನ ರಾಡ್ ಹಾಕುತ್ತೇನೆ. 54 ಇಂಚು ಪನ್ನದ (ಅಗಲದ) ಬಟ್ಟೆ, ಎರಡು ಭಾಗ. ಪಕ್ಕದ ಅಂಚುಗಳನ್ನು ಒಂದೂವರೆ ಇಂಚಿನಂತೆ ಎರಡು ಸಲ ಮಡಚಿದರೆ ಒಂದೊಂದು ಭಾಗ 48 ಇಂಚು ಉಳಿಯುತ್ತದೆ. ನೆರಿಗೆ ಹಿಡಿದ ಮೇಲೆ 26 ಇಂಚು ಬೇಕು: ಅರ್ಧ ರಾಡ್‌ಗೆ 24, ನಡುವೆ ಒಂದರ ಮೇಲೊಂದು ಕೂರಲು 2. ಮಿಕ್ಕ 22 ಇಂಚು ಐದು ನೆರಿಗೆಗೆ ಹೋಗುತ್ತದೆ, ಒಂದಕ್ಕೆ 4.4 ಇಂಚು. ನೆರಿಗೆಗಳ ನಡುವೆ ಐದೂವರೆ ಇಂಚು, ಎರಡು ತುದಿಗೆ ಎರಡೆರಡು ಇಂಚು.

ಉದ್ದ 84 ಇಂಚು ಬೇಕಿದ್ದರೆ 96 ಇಂಚು ಕತ್ತರಿಸಬೇಕು. ಮೇಲೆ ಬಕ್ರಮ್ (ನೆರಿಗೆ ನೆಟ್ಟಗೆ ನಿಲ್ಲಲು ಒಳಗಿಡುವ ಗಟ್ಟಿ ಬಟ್ಟೆಪಟ್ಟಿ) ಮುಚ್ಚುವ ಮಡಿಕೆಗೆ 4, ಕೆಳಗೆ ಎರಡು ಮಡಿಕೆಗೆ 8. ಎರಡು ಭಾಗಕ್ಕೆ 5 ಮೀಟರ್ ತಂದರೆ ಸಾಕು, ಆದರೆ ದೊಡ್ಡ ಚಿತ್ತಾರವಿದ್ದರೆ ಎರಡೂ ಭಾಗದಲ್ಲಿ ಹೂವು ಒಂದೇ ಎತ್ತರಕ್ಕೆ ಬರುವಂತೆ ಇನ್ನಷ್ಟು ಬೇಕು. ಬಟ್ಟೆಯೂ ಲೈನಿಂಗೂ ಕಾಟನ್ ಆದರೆ ಕತ್ತರಿಸುವ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿಬಿಡಿ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಕೆಳಗಿನ ಅಂಚನ್ನು. ಲೈನಿಂಗನ್ನು ಅಲ್ಲಿ ಹೊಲಿಯಲೇಬಾರದು. ಎರಡು ಬಟ್ಟೆ ಒಂದೇ ಸಮ ಜಗ್ಗುವುದಿಲ್ಲ, ಮಳೆಗಾಲದ ತೇವಕ್ಕೆ ಒಂದು ಇಳಿದು ಇನ್ನೊಂದು ಹಾಗೇ ನಿಂತರೆ ಅಂಚು ಸುಕ್ಕುಗಟ್ಟಿ ಮೇಲೆ ಎಳೆದುಕೊಳ್ಳುತ್ತದೆ. ನಾನು ಲೈನಿಂಗನ್ನು ಒಂದಿಂಚು ಗಿಡ್ಡ ಇಟ್ಟು, ಬೇರೆಯಾಗಿಯೇ ಅಂಚು ಮಡಚಿ, ಬದಿ ಮತ್ತು ಮೇಲ್ಭಾಗಕ್ಕಷ್ಟೇ ಸೇರಿಸುತ್ತೇನೆ. ಕೆಳಗೆ ಪರದೆಗೂ ಲೈನಿಂಗಿಗೂ ನಡುವೆ ಒಂದಿಂಚಿನ ದಾರದ ಕೊಂಡಿ ಎರಡು ಕಡೆ ಕಟ್ಟಿದರೆ ಲೈನಿಂಗ್ ಗಾಳಿಗೆ ಹಾರುವುದಿಲ್ಲ.

ಚಿತ್ರಗಳಲ್ಲಿ ಪರದೆ ನೆಲದ ಮೇಲೆ ಹರಡಿಕೊಂಡಿರುತ್ತದೆ. ದಿನಾ ನೆಲ ಒರೆಸುವ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ, ಅಂಚು ನೀರು ಹೀರಿ ಕಪ್ಪಾಗುತ್ತದೆ. ಅರ್ಧ ಇಂಚು ಮೇಲಿರಲಿ. ನೆಲ ಇಳಿಜಾರಿರಬಹುದು, ಮೂರು ಕಡೆ ಅಳೆದು ಚಿಕ್ಕ ಅಳತೆ ಹಿಡಿಯಿರಿ.

ನೇತುಹಾಕಿದ ಕೂಡಲೇ ಪರದೆ ಅಗಲವಾಗಿ ಹರಡಿಕೊಂಡು ನಿಲ್ಲುತ್ತದೆ. ನೆರಿಗೆಗಳನ್ನು ಮೇಲಿಂದ ಕೆಳಗೆ ಬೆರಳಲ್ಲಿ ಓಡಿಸಿ, ಮೂರು ಕಡೆ ಬಟ್ಟೆಪಟ್ಟಿಯಿಂದ ಸಡಿಲವಾಗಿ ಕಟ್ಟಿ, ನಾಲ್ಕು ದಿನ ಬಿಟ್ಟು ಬಿಚ್ಚಿ.