ವೈದ್ಯರಿಗೊಂದು ಚಿಕಿತ್ಸೆಯ ಏರ್ಪಾಡು: ಗಡಿನಾಡಿನ ನನ್ನ ಅನುಭವ

ಕಾಸರಗೋಡು ಜಿಲ್ಲೆಯಲ್ಲಿ ಮನೋವೈದ್ಯನಾಗಿರುವ ನನ್ನ ಬಳಿಗೆ ಕುಡಿತಕ್ಕೆ, ಮಾದಕ ವಸ್ತುಗಳಿಗೆ ಬಿದ್ದ ಕೃಷಿಕರು, ಚಾಲಕರು, ವಿದ್ಯಾರ್ಥಿಗಳು ಬರುತ್ತಾರೆ. ಅದೇ ತೊಂದರೆಯಿರುವ ವೈದ್ಯರು ಮಾತ್ರ ರೋಗ ಬಲಿತ ಮೇಲೆ, ಮನೆಯವರ ಒತ್ತಾಯಕ್ಕೆ ಬರುತ್ತಾರೆ. ಕುಂಬಳೆ, ಬದಿಯಡ್ಕ, ಪೆರ್ಲದಂಥ ಊರುಗಳಲ್ಲಿ ವೈದ್ಯರ ಕಾರು ಯಾರ ಅಂಗಳದಲ್ಲಿ ನಿಂತಿತ್ತೆಂಬುದು ಸಂಜೆಯೊಳಗೆ ಪೇಟೆಗೆಲ್ಲ ತಿಳಿಯುತ್ತದೆ. ಮಂಗಳೂರಿಗೆ ಹೋಗೋಣವೆಂದರೆ ಅಲ್ಲಿರುವವರು ತಮಗೆ ಪಾಠ ಹೇಳಿದವರು, ಇಲ್ಲವೇ ಜೊತೆಯಲ್ಲಿ ಓದಿದವರು.

ಅಮೆರಿಕದಲ್ಲಿ ಇದಕ್ಕೆಂದೇ ರಾಜ್ಯವಾರು ಕಾರ್ಯಕ್ರಮಗಳಿವೆ. ರೋಗಪೀಡಿತ ವೈದ್ಯರ ಕುರಿತು ಅಲ್ಲಿನ ವೈದ್ಯಕೀಯ ಸಂಘ 1973ರಲ್ಲಿ ವರದಿ ಪ್ರಕಟಿಸಿದ ಮೇಲೆ ಅವು ಒಂದೊಂದಾಗಿ ಬೆಳೆದವು. 1990ರಲ್ಲಿ ಅವುಗಳ ಒಕ್ಕೂಟವೂ ಆಯಿತು. ಅನೇಕ ರಾಜ್ಯಗಳಲ್ಲಿ, ತಾನಾಗಿ ಮುಂದೆ ಬಂದು, ಕಾರ್ಯಕ್ರಮದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ನಡೆದುಕೊಳ್ಳುವ ವೈದ್ಯರ ಹೆಸರು ಪರವಾನಗಿ ಮಂಡಳಿಗೆ ಹೋಗುವುದಿಲ್ಲ. ಒಪ್ಪಂದ ಮುರಿದು ರೋಗಿಗಳಿಗೆ ಅಪಾಯವಾಗುವಂತಾದರೆ ಹೋಗುತ್ತದೆ. ಚಿಕಿತ್ಸೆ ಕೆಲವು ತಿಂಗಳಲ್ಲಿ ಮುಗಿದರೂ ನಿಗಾ ಸಾಮಾನ್ಯವಾಗಿ ಐದು ವರ್ಷ ನಡೆಯುತ್ತದೆ. ಇಂಥ 16 ಕಾರ್ಯಕ್ರಮಗಳಿಗೆ ಸೇರಿದ 904 ವೈದ್ಯರ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಐದು ವರ್ಷಗಳ ಮಾಹಿತಿ ದೊರೆತ 802 ಮಂದಿಯ ಪೈಕಿ 631 ಮಂದಿ ಪರವಾನಗಿಯೊಂದಿಗೆ ವೃತ್ತಿಯಲ್ಲಿದ್ದರು; 30 ಮಂದಿ ತೀರಿಕೊಂಡಿದ್ದರು. ಈ ಎರಡು ಅಂಕಿಗಳನ್ನು ನಾನು ಒಟ್ಟಿಗೇ ಹೇಳುತ್ತೇನೆ, ಏಕೆಂದರೆ ಇದು ಮಾನದ ಪ್ರಶ್ನೆಗಿಂತ ಮೊದಲು ಪ್ರಾಣದ ಪ್ರಶ್ನೆ.

ನಾನು ಕೆಲಸಕ್ಕಿಳಿದಾಗ ನಮ್ಮ ಗಡಿ ತಾಲೂಕುಗಳಲ್ಲಿ ವೈದ್ಯರಿಗೆಂದೇ ಇರುವ ವ್ಯವಸ್ಥೆ ಕಾಣಲಿಲ್ಲವಾದ್ದರಿಂದ, ಆ ಮಾದರಿಯ ತಿರುಳನ್ನು ಉಳಿಸಿಕೊಂಡು ನಾಲ್ಕಾರು ಸಹೋದ್ಯೋಗಿಗಳು ಸೇರಿ ಸಣ್ಣದೊಂದು ಏರ್ಪಾಡು ಮಾಡಿಕೊಂಡೆವು. ಚಿಕಿತ್ಸೆ ಕೊಡುವವರು ಬೇರೆ, ನಿಗಾ ನೋಡುವವರು ಬೇರೆ ಎಂಬುದು ನಮ್ಮ ಮೊದಲ ನಿಯಮ. ನಾನು ಚಿಕಿತ್ಸೆ ಕೊಡುತ್ತೇನೆ. ಮೂತ್ರ ಪರೀಕ್ಷೆಯ ದಿನ ಗೊತ್ತು ಮಾಡುವುದು, ಫಲಿತಾಂಶ ನೋಡುವುದು, ಕೆಲಸಕ್ಕೆ ಮರಳಬಹುದೇ ಎಂದು ಹೇಳುವುದು ನಿವೃತ್ತರಾದ ರೋಗಶಾಸ್ತ್ರಜ್ಞರೊಬ್ಬರ (ಪೆಥಾಲಜಿಸ್ಟ್) ಹೊಣೆ. ಎದುರಿಗೆ ಕುಳಿತವನು ತನ್ನ ಕೆಲಸವನ್ನೂ ಕಸಿಯಬಲ್ಲನೆಂದು ಗೊತ್ತಿದ್ದರೆ ಯಾವ ರೋಗಿಯೂ ಸತ್ಯ ಹೇಳಲಾರ.

ನಮ್ಮಲ್ಲಿಗೆ ಬಂದ ಅರಿವಳಿಕೆ ತಜ್ಞರೊಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಬೆನ್ನುನೋವಿಗೆಂದು ಆರಂಭವಾದದ್ದು, ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಇಲ್ಲದೆ ದಿನ ಹೋಗದ ಸ್ಥಿತಿಗೆ ಮುಟ್ಟಿತ್ತು. ಅವರ ಪತ್ನಿಯ ಮೊದಲ ಪ್ರಶ್ನೆ ಔಷಧದ ಬಗ್ಗೆ ಆಗಿರಲಿಲ್ಲ. "ಡಾಕ್ಟ್ರೇ, ಇನ್ನು ಇವರ ಬೋರ್ಡು ತೆಗೆಸಬೇಕಾಗುತ್ತದೆಯೇ?" ಎಂದು ಕೇಳಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು, ಅದು ವೈದ್ಯನಾದ ರೋಗಿಗೂ ಇದೆ ಎಂದು ವಿವರಿಸಿದೆ. ಇನ್ನೊಬ್ಬರಿಗೆ ಅಪಾಯವಾಗುವ ಸಂದರ್ಭದಲ್ಲಿ ಆ ಗೋಪ್ಯತೆಗೆ ಮಿತಿಯಿದೆ ಎಂಬುದನ್ನೂ ಅಂದೇ ಹೇಳಿ, ಎರಡನ್ನೂ ಒಪ್ಪಂದದಲ್ಲಿ ಬರೆದು ಸಹಿ ಹಾಕಿಸಿದೆವು. ಆರಂಭದ ಒಳರೋಗಿ ಚಿಕಿತ್ಸೆಗೆ ಬೆಂಗಳೂರಿಗೆ ಕಳುಹಿಸಿದೆವು. ಅಲ್ಲಿ ಅವರನ್ನು ಬಲ್ಲವರು ಇರಲಿಲ್ಲ.

ಮರಳಿ ಬಂದವರನ್ನು ನೇರವಾಗಿ ಶಸ್ತ್ರಚಿಕಿತ್ಸಾ ಕೊಠಡಿಗೆ ಬಿಡಲಿಲ್ಲ. ಮೊದಲು ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳನ್ನು ತಪಾಸಣೆ ಮಾಡುವ ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡಿದರು. ಓಪಿಯಾಯ್ಡ್ (ಫೆಂಟನಿಲ್‌ನಂಥ, ಅಫೀಮಿನ ಗುಂಪಿನ ಔಷಧ) ದೇಹದಿಂದ ಪೂರ್ತಿ ಹೋದದ್ದು ಖಚಿತವಾದ ಮೇಲೆ, ಅಂದರೆ ಏಳರಿಂದ ಹತ್ತು ದಿನ ಕಳೆದ ನಂತರ ಬೆಂಗಳೂರಿನಲ್ಲಿಯೇ ಆರಂಭವಾಗಿದ್ದ, ಓಪಿಯಾಯ್ಡ್‌ನ ಪರಿಣಾಮವನ್ನು ತಡೆಯುವ ನಾಲ್ಟ್ರೆಕ್ಸೋನ್ 50 ಮಿಲಿಗ್ರಾಂ ಮಾತ್ರೆಯನ್ನು ಇಲ್ಲಿಯೂ ಇನ್ನೊಬ್ಬರ ಕಣ್ಣೆದುರೇ ನುಂಗಬೇಕಿತ್ತು. ಅಪಘಾತವಾದರೆ ಎಂದಿನ ನೋವುನಿವಾರಕ ಚುಚ್ಚುಮದ್ದು ಕೆಲಸ ಮಾಡದೆಂದು ತಿಳಿಸುವ ಚೀಟಿಯೊಂದು ಅವರ ಜೇಬಿನಲ್ಲಿ ಸದಾ ಇರುತ್ತಿತ್ತು. ಕೊನೆಗೆ ಶಸ್ತ್ರಚಿಕಿತ್ಸಾ ಕೊಠಡಿಗೆ ಮರಳಿದಾಗ ಫೆಂಟನಿಲ್ ಆಂಪೂಲನ್ನು ಒಡೆಯುವಾಗ, ಉಳಿದದ್ದನ್ನು ಚೆಲ್ಲುವಾಗ, ಖಾಲಿಯಾದದ್ದನ್ನು ಹಿಂದಿರುಗಿಸುವಾಗ ಇಬ್ಬರ ಸಹಿ ಬೇಕೆಂದು ಮಾಡಿದೆವು. ಈ ನಿಯಮವನ್ನು ಅವರೊಬ್ಬರಿಗೆ ಮಾತ್ರ ಹೇರದೆ ಆ ವಿಭಾಗದ ಎಲ್ಲರಿಗೂ ಅನ್ವಯಿಸಲಾಯಿತು. ಹಾಗೆ ಮಾಡಿದ್ದರಿಂದ ಯಾರನ್ನೂ ಬೆರಳು ಮಾಡಿ ತೋರಿಸಿದಂತಾಗಲಿಲ್ಲ; ಇಂಥ ನಿಯಮ ಎಲ್ಲ ಆಸ್ಪತ್ರೆಗಳಲ್ಲೂ ಇರತಕ್ಕದ್ದೇ.

ಕುಡಿತದಿಂದ ಹೊರಬರುತ್ತಿರುವ ವೈದ್ಯರ ನಿಗಾದಲ್ಲಿ ಬೇರೊಂದು ತೊಡಕಿದೆ. ಮದ್ಯಸೇವನೆಯನ್ನು ಎರಡು ಮೂರು ದಿನಗಳ ನಂತರವೂ ಹಿಡಿಯಬಲ್ಲ ಇಟಿಜಿ ಎಂಬ ಮೂತ್ರ ಪರೀಕ್ಷೆಯು, ಆಲ್ಕೋಹಾಲ್ ಇರುವ ಸ್ಯಾನಿಟೈಸರನ್ನು ದಿನವಿಡೀ ಕೈಗೆ ಹಚ್ಚುವ ಶಸ್ತ್ರವೈದ್ಯರಲ್ಲಿ ಒಂದು ಹನಿ ಕುಡಿಯದಿದ್ದರೂ ಅಲ್ಪ ಪ್ರಮಾಣದಲ್ಲಿ ಪಾಸಿಟಿವ್ ಬರಬಹುದು. ಆದ್ದರಿಂದ ಅಲ್ಪ ಪ್ರಮಾಣದ ಒಂದೇ ಫಲಿತಾಂಶದ ಮೇಲೆ ನಾವು ಯಾರನ್ನೂ ತಪ್ಪಿತಸ್ಥರೆನ್ನುವುದಿಲ್ಲ. ಕೆಲವು ವಾರಗಳ ಕುಡಿತವನ್ನು ತೋರಿಸುವ ಪೆತ್ ಎಂಬ ರಕ್ತ ಪರೀಕ್ಷೆಯನ್ನು ಮಾಡಿಸಿ ಹೋಲಿಸುತ್ತೇವೆ. ಬೇರೆ ಮೂತ್ರ ತಂದುಕೊಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಲು, ಮೂತ್ರದ ಬಾಟಲಿಯನ್ನು ಕೊಟ್ಟ ನಾಲ್ಕು ನಿಮಿಷದೊಳಗೆ ಅದರ ಉಷ್ಣತೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಇದೆಯೇ ಎಂದು ನೋಡುವುದೂ ನಮ್ಮ ಕ್ರಮ. ಹಿರಿಯ ವೈದ್ಯರ ಕೈಯಿಂದ ಬಾಟಲಿ ಪಡೆದು ಉಷ್ಣತೆ ನೋಡುವುದು ಕಿರಿಯ ತಂತ್ರಜ್ಞರಿಗೆ ಮುಜುಗರವೇ. ಆದರೆ ಮುಂದೊಂದು ದಿನ ಯಾರಾದರೂ ಸಂಶಯಪಟ್ಟರೆ ಆ ವೈದ್ಯರ ಪರವಾಗಿ ನಿಲ್ಲುವುದು ಇಂಥ ದಾಖಲೆಯೇ.

ಅಮೆರಿಕದ ಮಾದರಿಯನ್ನು ಕಣ್ಣುಮುಚ್ಚಿ ಹೊಗಳುವವನು ನಾನಲ್ಲ. ಉತ್ತರ ಕೆರೊಲಿನಾದ ಕಾರ್ಯಕ್ರಮವನ್ನು 2014ರಲ್ಲಿ ಪರಿಶೀಲಿಸಿದ ಅಲ್ಲಿನ ರಾಜ್ಯ ಲೆಕ್ಕಪರಿಶೋಧಕರು, ತಮ್ಮ ಕುರಿತಾದ ತೀರ್ಮಾನವನ್ನು ಪ್ರಶ್ನಿಸಲು ವೈದ್ಯರಿಗೆ ಸರಿಯಾದ ಅವಕಾಶವಿಲ್ಲವೆಂದು ಬೊಟ್ಟು ಮಾಡಿದ್ದರು. ಅದನ್ನು ಓದಿದ ಮೇಲೆ ನಮ್ಮ ಒಪ್ಪಂದದಲ್ಲಿ ಮೇಲ್ಮನವಿಯ ಕಲಮೊಂದನ್ನು ಸೇರಿಸಿ, ನಮ್ಮಿಂದ ಶುಲ್ಕ ಪಡೆಯದ ಹೊರಗಿನ ತಜ್ಞರು ಅದನ್ನು ಕೇಳಬೇಕೆಂದು ಬರೆದೆವು.

ಇನ್ನೂ ಬಗೆಹರಿಯದಿರುವುದು ಗಡಿಯ ಸಮಸ್ಯೆ. ಇಲ್ಲಿನ ಅನೇಕರು ಓದಿದ್ದು, ಮೊದಲು ನೋಂದಣಿ ಮಾಡಿಸಿದ್ದು ಕರ್ನಾಟಕದಲ್ಲಿ. ವೃತ್ತಿ ಮಾಡುವುದು ಕೇರಳದಲ್ಲಿ. ನಿಗಾದಲ್ಲಿರುವ ವೈದ್ಯರು ಪುತ್ತೂರಿಗೋ ಸುಳ್ಯಕ್ಕೋ ಕೆಲಸ ಬದಲಿಸಿದರೆ ನಮ್ಮ ಏರ್ಪಾಡು ಅಲ್ಲಿಗೆ ಚಾಚುವುದಿಲ್ಲ. ಎರಡೂ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳು ಶಿಸ್ತುಕ್ರಮದಿಂದ ಬೇರೆಯಾಗಿರುವ ಇಂಥ ಕಾರ್ಯಕ್ರಮವನ್ನು ಕೂಡಿ ನಡೆಸಿದರೆ ಮಾತ್ರ ಈ ತೊಡಕು ನೀಗೀತು. ಅಲ್ಲಿಯವರೆಗೆ ಆ ಎರಡು ಊರುಗಳಲ್ಲಿ ನಿಗಾ ನೋಡಲು ಒಪ್ಪುವ ಹಿರಿಯ ವೈದ್ಯರನ್ನು ಹುಡುಕುತ್ತಿದ್ದೇವೆ. ಸುಳ್ಯದಲ್ಲಿ ಒಬ್ಬರು ಒಪ್ಪಿದ್ದಾರೆ.